ಓಡಾಡೋ ಮಗು ಇರೋ ಮನೇಲಿ ಔಷಧಿ, ಕ್ಲೀನರ್, ಬ್ಯಾಟರಿ ಸೆಲ್ಲು ಎಲ್ಲಿಡ್ತೀರಾ? ಬಾಯಿಗೆ ಹಾಕ್ಕೊಂಡ್ರೆ ಮೊದಲು ಏನ್ ಮಾಡ್ಬೇಕು?

ಪುಟಾಣಿಅಮ್ಮ
ಮಗಳಿಗೆ ಈಗ ಹದಿನಾರು ತಿಂಗಳು. ಓಡಾಡೋಕೆ ಶುರು ಮಾಡಿದ್ಮೇಲೆ ಅವಳ ಕೈಗೆ ಸಿಗದೇ ಇರೋ ಜಾಗ ಅನ್ನೋದೇ ಇಲ್ಲ, ಸಿಕ್ಕಿದ್ದೆಲ್ಲ ನೇರ ಬಾಯಿಗೆ. ಎಲ್ಲಿ ನೋಡಿದ್ರೂ "ಮಕ್ಕಳ ಕೈಗೆ ಸಿಗದಂತೆ ಇಡಿ" ಅಂತ ಒಂದು ಸಾಲು ಬರೆದು ಮುಗಿಸಿರ್ತಾರೆ. ಅದು ಎಲ್ರಿಗೂ ಗೊತ್ತಿರೋದೇ, ಆದ್ರೂ ಮಕ್ಕಳು ಮಾತ್ರೆ ನುಂಗ್ತಾರೆ, ಫಿನಾಯಿಲ್ ಕುಡೀತಾರೆ. ಹಾಗಾದ್ರೆ ತಪ್ಪೋದು ಎಲ್ಲಿ? ಮಕ್ಕಳಿರೋರು, ಆಸ್ಪತ್ರೇಲಿ ಕೆಲಸ ಮಾಡೋರು ಯಾರಾದ್ರೂ ಇದ್ರೆ ದಯವಿಟ್ಟು ಸ್ವಲ್ಪ ಬಿಡಿಸಿ ಹೇಳಿ. ಹಾಗೇನಾದ್ರೂ ಆಗೇಬಿಟ್ರೆ ಮೊದಲ ಐದು ನಿಮಿಷ ಏನ್ ಮಾಡ್ಬೇಕು ಅನ್ನೋದೂ ಬೇಕು. ಉಪ್ಪುನೀರು ಕುಡಿಸಿ ವಾಂತಿ ಮಾಡ್ಸು ಅಂತ ಅತ್ತೆ ಹೇಳ್ತಾರೆ, ಹಾಲು ಕುಡ್ಸು ಅಂತ ಪಕ್ಕದ ಮನೆಯವ್ರು ಹೇಳ್ತಾರೆ, ಯಾರ ಮಾತು ಹಿಡಿಯೋದು ಗೊತ್ತಾಗ್ತಿಲ್ಲ.

ಅವಳಿಮಕ್ಕಳ_ಅಪ್ಪ
ನಾನು ನೋಡಿದ ಪ್ರಕಾರ ಬೀರು ಒಳಗಿರೋ ವಸ್ತುವಿಂದ ಅಪಾಯ ಕಮ್ಮಿ, ಬೀರುವಿಂದ ಹೊರಗೆ ತೆಗೆದಿರೋ ವಸ್ತುವಿಂದಾನೇ ಜಾಸ್ತಿ. ನೆಲ ಒರೆಸೋಕೆ ಅಂತ ಫಿನಾಯಿಲ್ ತೆಗೀತೀವಿ, ಮುಚ್ಚಳ ತೆಗ್ದು ಬಕೆಟ್‌ಗೆ ಹಾಕಿ ಬಾಟಲಿ ಅಲ್ಲೇ ಪಕ್ಕಕ್ಕಿಡ್ತೀವಿ, ಅಷ್ಟರಲ್ಲಿ ಫೋನ್ ಬರತ್ತೆ, ಇಲ್ಲ ಕುಕ್ಕರ್ ಕೂಗತ್ತೆ, ಹೋಗಿ ಬರೋಷ್ಟರಲ್ಲಿ ಮಗು ಬಾಟಲಿ ಹತ್ರ. ಔಷಧಿದೂ ಅದೇ ಕಥೆ, ಒಬ್ಬನಿಗೆ ಜ್ವರ ಅಂತ ಸಿರಪ್ ಹೊರಗೆ ಬರತ್ತೆ, ಆರು ಗಂಟೆಗೊಮ್ಮೆ ಬೇಕಲ್ಲ ಅಂತ ಟೇಬಲ್ ಮೇಲೇ ಉಳಿಯತ್ತೆ, ಎರಡು ದಿನ. ಮನೇಲಿ ಯಾರಿಗಾದ್ರೂ ಹುಷಾರಿಲ್ಲದೇ ಇರೋ ದಿನ, ಸುಣ್ಣಬಣ್ಣ ಮಾಡಿಸೋ ದಿನ, ಮನೆ ಬದಲಾಯಿಸೋ ದಿನ, ನೆಂಟರು ಬಂದಿರೋ ದಿನ, ಈ ದಿನಗಳಲ್ಲೇ ಎಲ್ಲ ವಸ್ತುನೂ ಅದರ ಜಾಗ ಬಿಟ್ಟಿರತ್ತೆ, ನಮ್ಮ ಗಮನವೂ ಬೇರೆ ಕಡೆ ಇರತ್ತೆ. ಅದಕ್ಕೇ ನಮ್ಮನೇಲಿ ಒಂದೇ ನಿಯಮ, ಬಾಟಲಿ ಕೈಲಿರಬೇಕು ಇಲ್ಲ ಬೀಗದೊಳಗಿರಬೇಕು, ಮೂರನೇ ಜಾಗ ಇಲ್ಲ. ಮಧ್ಯದಲ್ಲಿ ಎದ್ದು ಹೋಗ್ಬೇಕಾದ್ರೆ ಬಾಟಲಿನೂ ಜೊತೆಗೇ ಬರತ್ತೆ.

ರಾತ್ರಿಪಾಳಿ
ನಾನು ಮಕ್ಕಳ ಎಮರ್ಜೆನ್ಸಿಲಿ ನರ್ಸ್. ಮೇಲೆ ಸರ್ ಹೇಳಿರೋದು ಅಕ್ಷರಶಃ ಸತ್ಯ, "ಈಗಷ್ಟೇ ತೆಗ್ದಿದ್ದೆ ಸಿಸ್ಟರ್" ಅನ್ನೋ ಮಾತನ್ನೇ ನಾವು ಹೆಚ್ಚಾಗಿ ಕೇಳೋದು. ಒಂದರಿಂದ ಮೂರು ವರ್ಷದ ಮಕ್ಕಳೇ ಜಾಸ್ತಿ ಬರ್ತಾರೆ. ಅವಕ್ಕೆ ಓಡೋಕೆ ಬರತ್ತೆ, ಹತ್ತೋಕೆ ಬರತ್ತೆ, ಮುಚ್ಚಳ ತಿರುಗಿಸೋಕೂ ಬರತ್ತೆ, ಆದ್ರೆ ಕೆಟ್ಟ ರುಚಿ ಅಂತ ಉಗುಳೋ ಬುದ್ಧಿ ಬಂದಿರಲ್ಲ. ಅಮೆರಿಕದ ಪಾಯ್ಸನ್ ಸೆಂಟರ್‌ಗಳಿಗೆ (ವಿಷದ ಬಗ್ಗೆ ಸಲಹೆ ಕೊಡೋ ಕೇಂದ್ರಗಳು) ಬರೋ ಕೇಸ್‌ಗಳಲ್ಲಿ ಆರು ವರ್ಷದೊಳಗಿನ ಮಕ್ಕಳದ್ದೇ ಹತ್ತಕ್ಕೆ ಸುಮಾರು ನಾಲ್ಕು. ಒಂದು ಸಮಾಧಾನ ಏನಂದ್ರೆ ಬಹುಪಾಲು ಮಕ್ಕಳು ಒಂದು ಗುಟುಕು, ಒಂದು ನೆಕ್ಕಿಗೆ ನಿಲ್ಲಿಸ್ತಾರೆ, ಏನೂ ಆಗದೆ ಮನೆಗೆ ಹೋಗ್ತಾರೆ. ನಮಗೆ ಭಯ ಇರೋದು ಒಂದು ಗುಟುಕು, ಒಂದು ಮಾತ್ರೆಯೇ ಸಾಕಾಗೋ ವಸ್ತುಗಳ ಬಗ್ಗೆ.

ಮೊದಲು ವಾಂತಿ ವಿಷಯ ಹೇಳ್ಬಿಡ್ತೀನಿ ಯಾಕಂದ್ರೆ ಇದ್ರಿಂದ ಆಗೋ ಹಾನಿ ಕಣ್ಣಾರೆ ನೋಡ್ತೀವಿ. ವಾಂತಿ ಮಾಡಿಸ್ಬೇಡಿ. ಗಂಟಲಿಗೆ ಬೆರಳು ಹಾಕ್ಬೇಡಿ, ಉಪ್ಪುನೀರು ಕುಡಿಸ್ಲೇಬೇಡಿ. ಚಿಕ್ಕ ಮಗುಗೆ ಜಾಸ್ತಿ ಉಪ್ಪು ಹೋದ್ರೆ ರಕ್ತದಲ್ಲಿ ಸೋಡಿಯಂ ಏರಿ ಫಿಟ್ಸ್ ಬರಬಹುದು, ಪ್ರಾಣಕ್ಕೇ ಕುತ್ತು, ನುಂಗಿದ ವಸ್ತುಗಿಂತ ಉಪ್ಪೇ ದೊಡ್ಡ ವಿಷ ಆಗೋ ಸಂದರ್ಭ ಉಂಟು. ಆಸಿಡ್ ಥರದ ಟಾಯ್ಲೆಟ್ ಕ್ಲೀನರ್ ಕುಡಿದಿದ್ರೆ ಇಳಿವಾಗ ಒಂದ್ಸಲ ಅನ್ನನಾಳ ಸುಟ್ಟಿರತ್ತೆ, ವಾಂತಿ ಮಾಡಿಸಿದ್ರೆ ಮೇಲೆ ಬರುವಾಗ ಇನ್ನೊಂದ್ಸಲ ಸುಡತ್ತೆ. ಸೀಮೆಎಣ್ಣೆ, ಥಿನ್ನರ್, ಟರ್ಪೆಂಟೈನ್ ಇವೆಲ್ಲ ಹೊಟ್ಟೇಲಿದ್ರೆ ಅಷ್ಟು ತೊಂದ್ರೆ ಇಲ್ಲ, ಶ್ವಾಸಕೋಶಕ್ಕೆ ಇಳಿದ್ರೇ ಕಷ್ಟ, ವಾಂತಿ ಮಾಡಿಸಿದ್ರೆ ಅಲ್ಲಿಗೇ ಇಳಿಯೋದು.

ಒಂದು ಮಗು ನೆನಪಿದೆ, ಸೀಮೆಎಣ್ಣೆ ಒಂದು ಗುಟುಕು ಹೋಗಿತ್ತು ಅಷ್ಟೇ, ಮನೇಲಿ ಗಾಬರಿಯಾಗಿ ಬೆರಳು ಹಾಕಿ ವಾಂತಿ ಮಾಡ್ಸಿದಾರೆ. ನಮ್ಮ ಹತ್ರ ಬರೋಷ್ಟರಲ್ಲಿ ಬಟ್ಟೆ ತುಂಬ ವಾಸನೆ, ಉಸಿರಿಗೊಮ್ಮೆ ಪಕ್ಕೆಲುಬಿನ ನಡುವೆ ಚರ್ಮ ಒಳಗೆ ಸೆಳ್ಕೊಳ್ತಿತ್ತು, ಮೂಗಿನ ಹೊಳ್ಳೆ ಅಗಲ ಆಗ್ತಿತ್ತು, ಕೆಮ್ಮು ನಿಲ್ತಾನೇ ಇರ್ಲಿಲ್ಲ. ಆಕ್ಸಿಜನ್ ಮೇಲೆ ದಿನಗಟ್ಟಲೆ ಇತ್ತು. ಉಳೀತು. ಆದ್ರೆ ಸುಮ್ನೆ ಎತ್ಕೊಂಡು ಬಂದಿದ್ರೆ ಬಹುಶಃ ಆರು ಗಂಟೆ ನೋಡಿ ಕಳಿಸೋ ಕೇಸ್ ಅದು.

ಪುಟಾಣಿಅಮ್ಮ
ಅಯ್ಯೋ ದೇವ್ರೇ. ಹಾಗಾದ್ರೆ ಹಾಲು? ಹಾಲಲ್ಲಿ ತಪ್ಪೇನು ಮೇಡಂ?

ರಾತ್ರಿಪಾಳಿ
ಹಾಲು ಉಪ್ಪುನೀರಿನಷ್ಟು ಕೆಟ್ಟದ್ದಲ್ಲ, ಆದ್ರೆ ಅದು ಯಾವುದಕ್ಕೂ ಮದ್ದಲ್ಲ. ಹೊಟ್ಟೆ ತುಂಬ ಹಾಲು ಹೋದ್ರೆ ವಾಂತಿ ಆಗೋ ಸಾಧ್ಯತೆ ಹೆಚ್ಚು, ಮತ್ತೆ ಅದೇ ತೊಂದ್ರೆ. ಕುಡಿಸ್ತಾ ಕೂತು ಹೊತ್ತು ಕಳೀತಾರೆ ಅನ್ನೋದು ಇನ್ನೊಂದು.

ಕೇಳಿದ್ರಲ್ಲ ಮೊದಲ ಐದು ನಿಮಿಷ ಅಂತ. ಮಗು ಬಾಯಲ್ಲಿ ಇನ್ನೂ ಏನಾದ್ರೂ ಉಳಿದಿದ್ರೆ ಒದ್ದೆ ಬಟ್ಟೇಲಿ ಒರೆಸಿ ತೆಗೀರಿ, ಕಣ್ಣಿಗೆ ಕಾಣೋದನ್ನ ಮಾತ್ರ, ಗಂಟಲೊಳಗೆ ಹುಡುಕಬೇಡಿ. ಮಗು ಎಚ್ಚರ ಇದೆಯಾ, ಉಸಿರು ಸರಿ ಇದೆಯಾ ನೋಡಿ. ಎಚ್ಚರ ತಪ್ಪಿದ್ರೆ, ಫಿಟ್ಸ್ ಬಂದ್ರೆ, ಉಸಿರಾಡೋಕೆ ಕಷ್ಟ ಪಡ್ತಿದ್ರೆ ಬೇರೆ ಯೋಚನೆನೇ ಬೇಡ, ಆಂಬುಲೆನ್ಸ್. ಉಸಿರಿದೆ ಆದ್ರೆ ಎಚ್ಚರ ಇಲ್ಲ ಅಂದ್ರೆ ಮಗ್ಗುಲಾಗಿ ಮಲಗಿಸಿ. ಮೈಮೇಲೆ ಚೆಲ್ಲಿದ್ರೆ ಬಟ್ಟೆ ಪೂರ್ತಿ ಬಿಚ್ಚಿ ನೀರಲ್ಲಿ ತೊಳೀರಿ. ಕಣ್ಣಿಗೆ ಬಿದ್ದಿದ್ರೆ ನಲ್ಲಿ ನೀರನ್ನ ಸಣ್ಣಗೆ ಬಿಟ್ಟು 15–20 ನಿಮಿಷ ತೊಳೀಬೇಕು, ಮಗು ಕಿರುಚತ್ತೆ, ಒದೆಯತ್ತೆ, ಆದ್ರೂ ತೊಳೀಬೇಕು, ಕಣ್ಣು ಉಳಿಯೋದು ಅದ್ರಿಂದಾನೇ.

ಆಮೇಲೆ ಬಾಟಲಿ, ಸ್ಟ್ರಿಪ್, ಪ್ಯಾಕೆಟ್ ಏನಿದ್ಯೋ ಅದನ್ನ ಹಿಡ್ಕೊಂಡೇ ಬನ್ನಿ. ಇದೊಂದು ಕೆಲಸದಿಂದ ನಮಗೆ ಉಳಿಯೋ ಹೊತ್ತು ಎಷ್ಟು ಅಂತ ಹೇಳಕ್ಕಾಗಲ್ಲ. "ಕೆಂಪು ಬಾಟಲಿ, ಬಾತ್‌ರೂಮ್‌ದು" ಅಂದ್ರೆ ಅದು ಆಸಿಡ್ಡೋ ಬ್ಲೀಚೋ ಬರೀ ಸೋಪಿನ ನೀರೋ ನಮಗೆ ಗೊತ್ತಾಗಲ್ಲ, ಮೂರಕ್ಕೂ ಚಿಕಿತ್ಸೆ ಬೇರೆ ಬೇರೆ. ಎಷ್ಟು ಹೊತ್ತಿಗೆ ಆಯ್ತು, ಎಷ್ಟು ಹೋಗಿರಬಹುದು, ಮಗು ತೂಕ ಎಷ್ಟು, ಇಷ್ಟು ಹೇಳಿ. ಸ್ಟ್ರಿಪ್‌ನಲ್ಲಿ ನಾಲ್ಕು ಮಾತ್ರೆ ಕಾಣ್ತಿಲ್ಲ, ಅದ್ರಲ್ಲಿ ಎಷ್ಟು ನುಂಗ್ತೋ ಗೊತ್ತಿಲ್ಲ ಅಂದ್ರೆ ನಾಲ್ಕೂ ನುಂಗಿದೆ ಅಂತಾನೇ ಲೆಕ್ಕ ಹಿಡೀಬೇಕು. ಇಬ್ಬರು ಮಕ್ಕಳು ಒಟ್ಟಿಗೆ ಆಡ್ತಿದ್ರೆ ಇಬ್ಬರೂ ನಾಲ್ಕು ನಾಲ್ಕು ನುಂಗಿದಾರೆ ಅಂತ ಲೆಕ್ಕ, ಇಬ್ಬರನ್ನೂ ಕರ್ಕೊಂಡು ಬನ್ನಿ.

ಹಳೇಬೇರು
ಇಷ್ಟೆಲ್ಲ ಹೆದರಿಸೋದು ಅತಿ ಆಯ್ತು ಅನ್ಸತ್ತೆ. ನಾವೆಲ್ಲ ಬೆಳೀಲಿಲ್ವಾ? ಆಗ ಬೀಗನೂ ಇರ್ಲಿಲ್ಲ, ಸೇಫ್ಟಿ ಮುಚ್ಚಳನೂ ಇರ್ಲಿಲ್ಲ. ಈಗ ಮುಚ್ಚಳ ದೊಡ್ಡವರಿಗೇ ತೆಗೆಯೋಕಾಗಲ್ಲ.

ಔಷಧಿಪೆಟ್ಟಿಗೆ
ಸರ್, ನಾನು ಫಾರ್ಮಸಿಸ್ಟ್. ಬೆಳೆದವರು ಬೆಳೆದ್ವಿ, ಬೆಳೀದೇ ಹೋದ ಮಕ್ಕಳು ಇಲ್ಲಿ ಬಂದು ಬರೆಯಲ್ವಲ್ಲ. ಆ ಮುಚ್ಚಳ ಸುಮ್ನೆ ಬಂದಿದ್ದಲ್ಲ. ಆಗೆಲ್ಲ ಮಕ್ಕಳಿಗೆ ಅಂತ ಸಿಹಿ ಆಸ್ಪಿರಿನ್ ಮಾತ್ರೆ ಬರ್ತಿತ್ತು, ಅದನ್ನ ತಿಂಡಿ ಥರ ತಿಂದು ಸತ್ತ ಮಕ್ಕಳು ತುಂಬ. ಕೆನಡಾದ ವಿಂಡ್ಸರ್ ಅನ್ನೋ ಊರಲ್ಲಿ ಹೆನ್ರಿ ಬ್ರೋ ಅನ್ನೋ ಮಕ್ಕಳ ಡಾಕ್ಟ್ರು ಈ ಕೇಸ್‌ಗಳನ್ನ ನೋಡಿ ನೋಡಿ ರೋಸಿ ಹೋಗಿ ಬೆನ್ನು ಹತ್ತಿದ್ರಿಂದ 1967ರಲ್ಲಿ ಅಂಗೈಲಿ ಒತ್ತಿ ತಿರುಗಿಸೋ ಮುಚ್ಚಳ ಬಳಕೆಗೆ ಬಂತು. ಅಮೆರಿಕದಲ್ಲಿ 1970ರಲ್ಲಿ ಅದಕ್ಕೆ ಕಾನೂನೇ ಆಯ್ತು, ಆಸ್ಪಿರಿನ್‌ನಿಂದ ಸಾಯೋ ಮಕ್ಕಳ ಸಂಖ್ಯೆ ಅದಾದ್ಮೇಲೆ ಗಣನೀಯವಾಗಿ ಇಳೀತು. ಹಾಗಾಗಿ ಆ ಮುಚ್ಚಳದ ಮೇಲೆ ಸಿಟ್ಟು ಬೇಡ.

ಆದ್ರೆ ಅದರ ಮೇಲೆ ಪೂರ್ತಿ ಭರವಸೆನೂ ಬೇಡ. ಪರೀಕ್ಷೆ ಮಾಡೋ ರೀತಿ ಕೇಳಿ. ಮೂರೂವರೆಯಿಂದ ನಾಲ್ಕೂಕಾಲು ವರ್ಷದ ಮಕ್ಕಳ ಕೈಗೆ ಬಾಟಲಿ ಕೊಡ್ತಾರೆ, ಐದು ನಿಮಿಷ ಬಿಡ್ತಾರೆ, ಆಮೇಲೆ ತೆಗೆಯೋದು ಹೇಗೆ ಅಂತ ಮುಂದೆ ತೋರಿಸಿ ಇನ್ನೈದು ನಿಮಿಷ ಕೊಡ್ತಾರೆ. ನೂರರಲ್ಲಿ 80 ಮಕ್ಕಳ ಕೈಲಿ ಆಗ್ಲಿಲ್ಲ ಅಂದ್ರೆ ಪಾಸು. ಅಂದ್ರೆ ಇಪ್ಪತ್ತು ಮಕ್ಕಳು ತೆಗೆದ್ರೂ ಅದು ಪಾಸೇ. ನಾವು ತೆಗೆಯೋದನ್ನ ಮಗು ದಿನಾ ನೋಡ್ತಾ ಇರತ್ತೆ ಅನ್ನೋದೂ ಗಮನದಲ್ಲಿರಲಿ. ಆ ಮುಚ್ಚಳ ನಮಗೆ ಕೊಡೋದು ಒಂದಷ್ಟು ನಿಮಿಷ, ಅಷ್ಟೇ. ಅದೂ ಕಟ್ ಅಂತ ಶಬ್ದ ಬರೋವರೆಗೂ ಪೂರ್ತಿ ತಿರುಗಿಸಿ ಮುಚ್ಚಿದ್ರೆ.

ಹಳೇಬೇರು
ಇದು ಗೊತ್ತಿರ್ಲಿಲ್ಲ. ಸರಿ, ಮಾತು ವಾಪಸ್ ತಗೊಂಡೆ.

ಮೊಮ್ಮಕ್ಕಳಜ್ಜಿ
ಅಜ್ಜ ಅಜ್ಜಿಯರ ಬಗ್ಗೆ ಯಾರೂ ಬರೀಲಿಲ್ಲ ಅದಕ್ಕೆ ನಾನೇ ಬರೀತೀನಿ. ನನಗೆ ಬಿಪಿ, ಯಜಮಾನರಿಗೆ ಶುಗರ್, ದಿನಕ್ಕೆ ಇಬ್ಬರದ್ದೂ ಸೇರಿ ಒಂದು ಹಿಡಿ ಮಾತ್ರೆ. ಮರೆಯಬಾರದು ಅಂತ ವಾರದ ಡಬ್ಬಿ ಇರತ್ತಲ್ಲ ಸೋಮವಾರ ಮಂಗಳವಾರ ಅಂತ ಮನೆ ಮನೆ ಇರೋದು, ಅದ್ರಲ್ಲಿ ಹಾಕಿಡ್ತೀವಿ, ದಿಂಬಿನ ಪಕ್ಕದಲ್ಲೋ ಊಟದ ಮೇಜಿನ ಮೇಲೋ ಇರತ್ತೆ. ಆ ಡಬ್ಬಿ ತೆಗೆಯೋದು ಮಗುಗೆ ಆಟ, ಒಂದೊಂದೇ ಮುಚ್ಚಳ ಟಪ್ ಟಪ್ ಅಂತ ತೆಗೀತಾ ಹೋಗತ್ತೆ, ಒಳಗೆ ಬಣ್ಣ ಬಣ್ಣದ ಗುಂಡು. ಊರಿಂದ ಮಕ್ಕಳು ಮೊಮ್ಮಕ್ಕಳು ಬರ್ತಾರೆ ಅಂದ್ರೆ ನಾನು ಮೊದಲು ಮಾಡೋ ಕೆಲಸ ಆ ಡಬ್ಬಿನ ಗಾಡ್ರೇಜ್ ಒಳಗಿಟ್ಟು ಕೀಲಿಕೈ ಸೆರಗಿಗೆ ಕಟ್ಕೊಳ್ಳೋದು. ಮಾತ್ರೆ ಹೊತ್ತು ಮರೆಯೋ ಭಯಕ್ಕೆ ಫೋನ್‌ನಲ್ಲಿ ಅಲಾರಂ ಇಟ್ಟುಕೊಟ್ಟಿದಾರೆ ಮಗ. ವ್ಯಾನಿಟಿ ಬ್ಯಾಗೂ ನೆಲದ ಮೇಲೆ ಇಡೋ ಹಾಗಿಲ್ಲ, ಅದ್ರಲ್ಲೂ ಒಂದು ಸ್ಟ್ರಿಪ್ ಇದ್ದೇ ಇರತ್ತೆ.

ಔಷಧಿಪೆಟ್ಟಿಗೆ
ಅಮ್ಮಾ, ನಿಮ್ಮ ಕಾಮೆಂಟು ಪ್ರಿಂಟ್ ಹಾಕಿ ನನ್ನ ಕೌಂಟರ್ ಮೇಲೆ ಅಂಟಿಸೋಣ ಅನ್ಸತ್ತೆ. ನರ್ಸ್ ಮೇಡಂ ಹೇಳಿದ ಒಂದೇ ಮಾತ್ರೆ ಸಾಕಾಗೋ ಔಷಧಿಗಳು ಬಹುತೇಕ ಹಿರಿಯರ ಡಬ್ಬಿಲೇ ಇರೋದು. ಶುಗರ್‌ಗೆ ಕೊಡೋ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಇವು ಒಂದೇ ಒಂದು ಹೋದ್ರೂ ಚಿಕ್ಕ ಮಗು ರಕ್ತದಲ್ಲಿ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯತ್ತೆ, ಅದೂ ತಕ್ಷಣ ಅಲ್ಲ, ಗಂಟೆಗಟ್ಟಲೆ ತಡವಾಗಿ, ಮಗು ರಾತ್ರಿ ನಿದ್ದೇಲಿರುವಾಗ ಇಳಿಯಬಹುದು. ಅದಕ್ಕೇ ಮಗು ಚೆನ್ನಾಗಿ ಆಡ್ತಿದ್ರೂ ಆಸ್ಪತ್ರೇಲಿ ಒಂದಿಡೀ ದಿನ ಇಟ್ಕೊಂಡು ನೋಡ್ತಾರೆ. ಬಿಪಿಗೆ ಕೊಡೋ ಆಮ್ಲೋಡಿಪಿನ್, ವೆರಾಪಮಿಲ್ ಗುಂಪು, ಖಿನ್ನತೆಗೆ ಕೊಡೋ ಅಮಿಟ್ರಿಪ್ಟಿಲಿನ್, ಮಲೇರಿಯಾದ ಕ್ಲೋರೋಕ್ವಿನ್, ಗಟ್ಟಿ ನೋವಿನ ಮಾತ್ರೆಗಳು, ಇವೂ ಅದೇ ಸಾಲಿಗೆ.

ಕಬ್ಬಿಣದ ಮಾತ್ರೆ ಬಗ್ಗೆ ಬೇರೆ ಹೇಳ್ಬೇಕು. ಗರ್ಭಿಣಿಯರಿಗೆ ಕೊಡೋದು, ಹಾಗಾಗಿ ಮನೇಲಿ ಇನ್ನೊಂದು ಚಿಕ್ಕ ಮಗು ಇದ್ದೇ ಇರೋ ಹೊತ್ತಲ್ಲಿ ಅದು ಮನೆಗೆ ಬಂದಿರತ್ತೆ. ಕೆಂಪಗೆ ಹೊಳೀತಾ ಸಕ್ಕರೆ ಲೇಪ ಇರತ್ತೆ, "ವಿಟಮಿನ್ ತಾನೇ" ಅಂತ ಮೇಜಿನ ಮೇಲೇ ಇರತ್ತೆ. ಮಗು ತೂಕದ ಕಿಲೋಗೆ ಸುಮಾರು 60 ಮಿಲಿಗ್ರಾಂ ಕಬ್ಬಿಣ ಹೊಟ್ಟೆಗೆ ಹೋದ್ರೆ ಗಂಭೀರ ಸ್ಥಿತಿ, ಹತ್ತು ಕಿಲೋ ಮಗುಗೆ ಲೆಕ್ಕ ಹಾಕಿದ್ರೆ 60 ಮಿಲಿಗ್ರಾಂ ಕಬ್ಬಿಣ ಇರೋ ಮಾತ್ರೆ ಹತ್ತು. ತೊಂದರೆ ಅದರ ಮೂರನೇ ಒಂದು ಭಾಗದಲ್ಲೇ ಶುರುವಾಗತ್ತೆ. ಇದರ ಮೋಸ ಏನಂದ್ರೆ ಮೊದಲು ವಾಂತಿ ಭೇದಿ ಆಗತ್ತೆ, ಆಮೇಲೆ ಕೆಲವು ಗಂಟೆ ಮಗು ಪೂರ್ತಿ ಹುಷಾರಾದ ಹಾಗೇ ಕಾಣತ್ತೆ, ಅಪ್ಪ ಅಮ್ಮ ಸದ್ಯ ಕಳೀತು ಅಂದ್ಕೋತಾರೆ, ಒಳಗೆ ಲಿವರ್ ಹಾಳಾಗ್ತಾ ಇರತ್ತೆ.

ಅಮ್ಮು_ಚಿಮ್ಮು
ಪ್ಯಾರಾಸಿಟಮಾಲ್ ಸಿರಪ್ ಬಗ್ಗೆನೂ ಹೇಳಿ ಸರ್, ಅದು ಎಲ್ರ ಮನೇಲೂ ಇರತ್ತೆ. ನನ್ನ ಮಗನಿಗೆ ಸ್ಟ್ರಾಬೆರಿ ರುಚಿ ಅಂತ ಅದು ಅಂದ್ರೆ ಪ್ರಾಣ, ಬಾಟಲಿ ಕಂಡ್ರೆ ಕೈ ಚಾಚ್ತಾನೆ.

ಔಷಧಿಪೆಟ್ಟಿಗೆ
ಒಳ್ಳೇ ಪ್ರಶ್ನೆ. ಇದ್ರಲ್ಲಿ ಎರಡು ಥರ. ಒಂದು ಮಗು ತಾನೇ ಕುಡಿಯೋದು. ಸಿಹಿ ಇರೋದ್ರಿಂದ ಒಂದು ಗುಟುಕಿಗೆ ನಿಲ್ಲಿಸಲ್ಲ. ಇನ್ನೊಂದು ದೊಡ್ಡವರೇ ಅರಿವಿಲ್ಲದೆ ಜಾಸ್ತಿ ಕೊಡೋದು, ನನ್ನ ಕೌಂಟರ್‌ನಲ್ಲಿ ಕಾಣಿಸೋದು ಇದೇ ಹೆಚ್ಚು. ಬಾಟಲಿ ಮೇಲೆ ನೋಡಿ, 5 ಮಿಲಿಲಿ 120 ಅಥವಾ 125 ಮಿಲಿಗ್ರಾಂ ಇರೋದಿದೆ, 250 ಇರೋದೂ ಇದೆ, ಹಸುಗೂಸಿನ ಡ್ರಾಪ್ಸ್‌ನಲ್ಲಿ ಒಂದೇ ಮಿಲಿಗೆ 100 ಇರತ್ತೆ. ಡ್ರಾಪ್ಸ್ ಅಂದ್ರೆ ಚಿಕ್ಕ ಮಗುದು, ಹಾಗಾಗಿ ಲೈಟು ಅಂತ ಜನ ತಿಳ್ಕೊಂಡಿದಾರೆ, ಉಲ್ಟಾ. ಸಿರಪ್ ಕೊಡೋ ಅಳತೇಲಿ 5 ಮಿಲಿ ಡ್ರಾಪ್ಸ್ ಕೊಟ್ರೆ ಅದು 500 ಮಿಲಿಗ್ರಾಂ, ದೊಡ್ಡವರ ಮಾತ್ರೆ ಅಷ್ಟು.

ಡೋಸು ಮಗು ತೂಕದ ಮೇಲೆ, ಕಿಲೋಗೆ 10ರಿಂದ 15 ಮಿಲಿಗ್ರಾಂ, ನಡುವೆ ಕನಿಷ್ಠ ನಾಲ್ಕು ಗಂಟೆ ಅಂತರ, ಡಾಕ್ಟ್ರು ಬರೆದಿರೋದಕ್ಕಿಂತ ಹೆಚ್ಚು ಸಲ ಬೇಡ. ಅಡುಗೆ ಮನೆ ಚಮಚ ಬೇಡ್ವೇ ಬೇಡ, ಚಿಕ್ಕ ಚಮಚ 5 ಮಿಲಿ ದೊಡ್ಡ ಚಮಚ 15 ಮಿಲಿ, ಮೂರು ಪಟ್ಟು ವ್ಯತ್ಯಾಸ ಆಗ್ಬಿಡತ್ತೆ, ಬಾಟಲಿ ಜೊತೆ ಬಂದ ಅಳತೆ ಕಪ್ಪು ಇಲ್ಲ ಸೂಜಿ ಇಲ್ಲದ ಸಿರಿಂಜ್ ಉಪಯೋಗ್ಸಿ. ನೆಗಡಿ ಸಿರಪ್‌ನಲ್ಲೂ ಪ್ಯಾರಾಸಿಟಮಾಲ್ ಸೇರಿರತ್ತೆ, ಎರಡೂ ಒಟ್ಟಿಗೆ ಕೊಟ್ರೆ ಡಬಲ್. ಅಪ್ಪ ಎಂಟಕ್ಕೆ ಕೊಟ್ಟು ಹೋಗಿರ್ತಾರೆ, ಅಮ್ಮಂಗೆ ಗೊತ್ತಿಲ್ದೆ ಒಂಬತ್ತಕ್ಕೆ ಮತ್ತೆ ಕೊಡ್ತಾರೆ, ಇದು ಪ್ರತಿ ಮನೆಲೂ ಆಗೋ ಸಾಧ್ಯತೆ ಇರೋದು. ಫ್ರಿಜ್ ಮೇಲೆ ಒಂದು ಚೀಟಿ ಅಂಟಿಸಿ ಟೈಮ್ ಬರೀರಿ, ಮುಗೀತು.

ಜಾಸ್ತಿ ಹೋಗಿದ್ರೆ ಮಗು ಮೊದಲ ದಿನ ಏನೂ ತೋರ್ಸಲ್ಲ, ಲಿವರ್ ತೊಂದ್ರೆ ಹೊರಗೆ ಕಾಣೋಕೆ ಒಂದೆರಡು ದಿನ ಬೇಕು. ಇದಕ್ಕೆ ಎನ್-ಅಸಿಟೈಲ್‌ಸಿಸ್ಟೀನ್ ಅಂತ ಒಳ್ಳೇ ಪ್ರತಿವಿಷ ಇದೆ, ಎಂಟು ಗಂಟೆಯೊಳಗೆ ಶುರು ಮಾಡಿದ್ರೆ ಬಹಳ ಚೆನ್ನಾಗಿ ಕೆಲಸ ಮಾಡತ್ತೆ. ಅದಕ್ಕೇ ಕಾಯೋದು ಬೇಡ ಅನ್ನೋದು. ಮತ್ತೆ ಮೇಡಂ, ಔಷಧಿನ ಚಾಕಲೇಟು, ಮಿಠಾಯಿ ಅಂತ ಹೇಳಿ ಕುಡಿಸ್ಬೇಡಿ, ಅವನು ನಂಬ್ತಾನೆ.

ಒಕ್ಕಲುಮನಿ
ನಾ ಒಂದ ಮಾತ ಹೇಳ್ತೀನ್ರಿ. ಹೊಲಕ್ಕ ಹೊಡಿಯೋ ಎಣ್ಣಿ ಮನಿಯೊಳಗ ಇಡಬ್ಯಾಡ್ರಿ, ಇಟ್ರೂ ಅದರದ ಡಬ್ಬಿಯೊಳಗ ಇರ್ಲಿ. ಉಳಿದದ್ದು ಚೂರ ಐತಿ ಅಂತ ನೀರಿನ ಬಾಟಲಿಗೆ, ತಂಪು ಪಾನೀಯದ ಬಾಟಲಿಗೆ ಸುರುವಿ ಇಡ್ತಾರ, ಕೂಸಿಗಿ ಏನ ತಿಳೀತದ, ನೀರಿನ ಬಾಟಲಿ ಅಂದ್ರ ನೀರ ಅಂತದ. ಕೂಸಷ್ಟ ಯಾಕ, ಬಿಸಲಾಗ ದಣದ ಬಂದ ದೊಡ್ಡಾವ್ರೂ ಕುಡದದ್ದು ಐತಿ. ಎಣ್ಣಿ ಅಳಿಯೋ ಮುಚ್ಚಳ, ಬುಟ್ಟಿ ತೊಳದ ಅಡಗಿಮನಿಗೆ ತರೂದು ಬ್ಯಾಡ, ಖಾಲಿ ಡಬ್ಬಿ ತೊಳದ ಕಾಳ ತುಂಬೂದೂ ಬ್ಯಾಡ. ಹೊಡದ ಬಂದ ಮ್ಯಾಲ ಅರಬಿ ಬದಲ ಮಾಡಿ ಜಳಕ ಮಾಡಿನ ಕೂಸಿನ ಎತ್ಕೋರಿ.

ರಾತ್ರಿಪಾಳಿ
ಅಣ್ಣಾರು ಹೇಳಿದ ಬಾಟಲಿ ವಿಷಯ ದಯವಿಟ್ಟು ಎಲ್ರೂ ಎರಡು ಸಲ ಓದಿ. ಕುಡಿಯೋದಲ್ಲದ ವಸ್ತು ಕುಡಿಯೋ ಬಾಟಲಿಲಿ ಇರಬಾರದು. ಸೀಮೆಎಣ್ಣೆ, ಥಿನ್ನರ್, ಆಸಿಡ್, ಬಿಡಿಯಾಗಿ ತಂದ ಫಿನಾಯಿಲ್, ನಮ್ಮಲ್ಲಿಗೆ ಬರೋ ದ್ರವದ ಕೇಸ್‌ಗಳಲ್ಲಿ ಬಾಟಲಿ ಬದಲಾಗಿರೋದು ತುಂಬ. ಲೇಬಲ್ ಇಲ್ದೇ ಇರೋದ್ರಿಂದ ಏನು ಕುಡೀತು ಅಂತಾನೂ ಗೊತ್ತಾಗಲ್ಲ.

ಎಷ್ಟೋ ಕೀಟನಾಶಕ ಮೈಯೊಳಗೆ ಹೋದ್ರೆ ಕಾಣೋ ಲಕ್ಷಣ ಗೊತ್ತಿರಲಿ, ಬಾಯಲ್ಲಿ ಜೊಲ್ಲು ಸುರಿಯೋದು, ಮೈ ಬೆವರೋದು, ಕಣ್ಣೀರು, ಕಣ್ಣಿನ ಪಾಪೆ ಸೂಜಿಮೊನೆ ಥರ ಚಿಕ್ಕದಾಗೋದು, ವಾಂತಿ ಭೇದಿ, ಉಸಿರಲ್ಲಿ ಗೊರಗೊರ. ಇದು ಚರ್ಮದ ಮೂಲಕವೂ ಒಳಗೆ ಹೋಗತ್ತೆ, ಹಾಗಾಗಿ ಬಟ್ಟೆ ಬಿಚ್ಚಿ ತೊಳೆಯೋದು ಮುಖ್ಯ, ತೊಳೆಯೋರು ಕೈಗೆ ಗ್ಲೌಸ್ ಇಲ್ಲ ಪ್ಲಾಸ್ಟಿಕ್ ಕವರ್ ಹಾಕ್ಕೊಳ್ಳಿ.

ಇಲಿ ಪಾಷಾಣದಲ್ಲೂ ಬೇರೆ ಬೇರೆ ಜಾತಿ ಇದೆ. ಕೆಲವು ರಕ್ತ ಹೆಪ್ಪುಗಟ್ಟದ ಹಾಗೆ ಮಾಡತ್ತೆ, ಎರಡ್ಮೂರು ದಿನ ಆದ್ಮೇಲೆ ರಕ್ತಸ್ರಾವ ಶುರು. ಹಳದಿ ರಂಜಕದ ಪೇಸ್ಟ್ ಬರತ್ತೆ, ಅದು ಲಿವರ್ ತಿಂದು ಹಾಕತ್ತೆ. ಮಗು ಬೆರಳಿಗೆ ಪೇಸ್ಟ್ ಹತ್ತಿತ್ತು, ಬಾಯಿಗೆ ಹೋಯ್ತೋ ಇಲ್ವೋ ಗೊತ್ತಿಲ್ಲ ಅಂದ್ರೂ ಟ್ಯೂಬ್ ಹಿಡ್ಕೊಂಡು ಬಂದ್ಬಿಡಿ.

ಹಿತ್ತಲಗಿಡ
ಗಿಡಗಳನ್ನೂ ಸೇರಿಸಿ. ಕಣಗಿಲೆ, ಅದ್ರಲ್ಲೂ ಹಳದಿ ಕಣಗಿಲೆ ಬೀಜ ಹೃದಯದ ಬಡಿತವನ್ನೇ ಕೆಡಿಸತ್ತೆ. ದತ್ತೂರಿ ಕಾಯಿ, ಕಾಡುಹರಳು, ಗುಲಗಂಜಿ ಇವೆಲ್ಲ ಮಕ್ಕಳು ಆಟಕ್ಕೆ ಹೆಕ್ಕೋವೇ. ಹರಳು, ಗುಲಗಂಜಿ ಬೀಜ ಅಗಿಯದೆ ಇಡಿಯಾಗಿ ನುಂಗಿದ್ರೆ ಎಷ್ಟೋ ಸಲ ಹಾಗೇ ಹೊರಗೆ ಹೋಗತ್ತೆ, ಅಗಿದಿದ್ರೆ ಕಷ್ಟ. ಮನೆಯೊಳಗೆ ಚೆಂದಕ್ಕೆ ಇಡೋ ಡಿಫೆನ್‌ಬೇಕಿಯಾ ಎಲೆ ಕಚ್ಚಿದ್ರೆ ನಾಲಿಗೆ ತುಟಿ ಉರಿದು ಊದ್ಕೊಳ್ಳತ್ತೆ. ಗಿಡ ಕೀಳೋದು ಬೇಡ, ಮಗು ದೊಡ್ಡದಾಗೋವರೆಗೂ ಕುಂಡ ಬೇರೆ ಕಡೆ ಇರಲಿ, ಹೆಸರು ಗೊತ್ತಿರಲಿ ಸಾಕು. ಆಸ್ಪತ್ರೆಗೆ ಹೋಗುವಾಗ ಒಂದು ರೆಂಬೆ ಮುರ್ಕೊಂಡೇ ಹೋಗಿ, ಎಲೆ ಕಾಯಿ ಎರಡೂ ಇರೋದು.

ಅವಳಿಮಕ್ಕಳ_ಅಪ್ಪ
ಬಟನ್ ಸೆಲ್, ಅಂದ್ರೆ ನಾಣ್ಯದ ಥರ ಚಪ್ಪಟೆ ಇರೋ ಚಿಕ್ಕ ಬ್ಯಾಟರಿ ಬಗ್ಗೆ ನರ್ಸ್ ಮೇಡಂ ಬರೀಲೇಬೇಕು. ರಿಮೋಟು, ಆಟಿಕೆ, ಮ್ಯೂಸಿಕ್ ಬರೋ ಗ್ರೀಟಿಂಗ್ ಕಾರ್ಡು, ತೂಕದ ಮೆಷಿನ್ನು, ಎಲ್ಲದ್ರಲ್ಲೂ ಇದೆ. ನಾನು ರಿಮೋಟ್ ಹಿಂದಿನ ಮುಚ್ಚಳಕ್ಕೆಲ್ಲ ಟೇಪ್ ಸುತ್ತಿಟ್ಟಿದೀನಿ.

ರಾತ್ರಿಪಾಳಿ
ಟೇಪ್ ಸುತ್ತಿದ್ದು ಒಳ್ಳೇದು, ಸ್ಕ್ರೂ ಹಾಕಿ ಮುಚ್ಚೋ ಥರದ್ದೇ ತಗೊಂಡ್ರೆ ಇನ್ನೂ ಒಳ್ಳೇದು. ಬಟನ್ ಸೆಲ್ ಅನ್ನೋದು ನಾಣ್ಯ ನುಂಗಿದ ಹಾಗಲ್ಲ. 20 ಮಿಲಿಮೀಟರ್ ಅಗಲದ ಲಿಥಿಯಂ ಸೆಲ್ಲು ಮಗು ಅನ್ನನಾಳದಲ್ಲಿ ಸರಿಯಾಗಿ ಸಿಕ್ಕಿಹಾಕ್ಕೊಳ್ಳತ್ತೆ, ಅಲ್ಲಿನ ಒದ್ದೆ ಗೋಡೆಗೆ ತಾಗಿದ ತಕ್ಷಣ ಕರೆಂಟ್ ಹರಿದು ಆ ಜಾಗದಲ್ಲಿ ಕಾಸ್ಟಿಕ್ (ಸುಡೋ ಕ್ಷಾರ) ತಯಾರಾಗತ್ತೆ, ಎರಡೇ ಗಂಟೇಲಿ ಆಳವಾಗಿ ಸುಡಬಹುದು. ಕೆಲವು ಮಕ್ಕಳಿಗೆ ಸೆಲ್ಲು ತೆಗೆದ ಮೇಲೂ ಸುಡೋದು ಮುಂದುವರಿದು ಪಕ್ಕದ ದೊಡ್ಡ ರಕ್ತನಾಳಕ್ಕೆ ತೂತು ಬಿದ್ದಿರೋದಿದೆ. ಗಡಿಯಾರ ನಿಂತೋಯ್ತು ಅಂತ ಬಿಸಾಕಿದ ಹಳೇ ಸೆಲ್ಲಲ್ಲೂ ಸುಡೋಷ್ಟು ಶಕ್ತಿ ಉಳಿದಿರತ್ತೆ.

ಕಷ್ಟ ಏನಂದ್ರೆ ಯಾರೂ ನೋಡಿರಲ್ಲ. ಮಗು ಜೊಲ್ಲು ಸುರಿಸತ್ತೆ, ಊಟ ಬೇಡ ಅನ್ನತ್ತೆ, ಕೆಮ್ಮತ್ತೆ, ನೆಗಡಿ ಅಂತ ಸಿರಪ್ ಕೊಟ್ಟು ಕೂರ್ತಾರೆ. ಮನೇಲಿ ಒಂದು ಸೆಲ್ಲು ಕಾಣ್ತಿಲ್ಲ, ಮಗು ನುಂಗಕ್ಕೆ ಕಷ್ಟ ಪಡ್ತಿದೆ ಅಂದ್ರೆ ತಕ್ಷಣ ಎಕ್ಸ್‌ರೇ ಇರೋ ಆಸ್ಪತ್ರೆಗೆ. ಮಗುಗೆ ಒಂದು ವರ್ಷ ತುಂಬಿದ್ರೆ, ನುಂಗಿ 12 ಗಂಟೆ ಆಗಿಲ್ದಿದ್ರೆ, ನುಂಗೋಕೆ ಆಗ್ತಿದ್ರೆ, ದಾರೀಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಚಿಕ್ಕ ಚಮಚ ಜೇನುತುಪ್ಪ ಕೊಡಬಹುದು, ಗರಿಷ್ಠ ಆರು ಸಲ. ಅದು ಸುಡೋದನ್ನ ಸ್ವಲ್ಪ ತಡಿಯತ್ತೆ. ಜೇನು ಹುಡುಕೋಕೆ ಅಂತ ಹೊರಡೋದು ತಡ ಮಾಡ್ಬೇಡಿ, ಒಂದು ವರ್ಷದೊಳಗಿನ ಮಗುಗೆ ಜೇನು ಬೇಡ. ಬೇರೆ ಊಟ ನೀರು ಏನೂ ಬೇಡ. ಮೂಗಲ್ಲಿ, ಕಿವೀಲಿ ತುರುಕ್ಕೊಂಡಿದ್ರೂ ಇಷ್ಟೇ ಅವಸರ.

ಅಮ್ಮು_ಚಿಮ್ಮು
ಕರ್ಪೂರ? ನುಸಿಗುಂಡು? ನಮ್ಮ ಬೀರು ತುಂಬ ನುಸಿಗುಂಡೇ.

ರಾತ್ರಿಪಾಳಿ
ಕರ್ಪೂರನ ಜನ ಲೆಕ್ಕಕ್ಕೇ ಹಿಡಿಯಲ್ಲ, ಆದ್ರೆ ಅದು ತಿಂದ ಕೆಲವೇ ನಿಮಿಷದಲ್ಲಿ ಫಿಟ್ಸ್ ತರಬಲ್ಲದು, ಮೊದಲು ಯಾವ ಸೂಚನೆನೂ ಕೊಡದೆ. ಕಿಲೋಗೆ 30 ಮಿಲಿಗ್ರಾಂಗಿಂತ ಹೆಚ್ಚು ಹೋಗಿದ್ರೆ ಆಸ್ಪತ್ರೆ ಅನ್ನೋದು ಒಪ್ಪಿರೋ ಅಳತೆ, ಹತ್ತು ಕಿಲೋ ಮಗುಗೆ ಅದು ಒಂದು ಗ್ರಾಂನ ಮೂರನೇ ಒಂದು ಭಾಗ ಕೂಡ ಇಲ್ಲ. ನೋವಿನ ಬಾಮ್, ಎದೆಗೆ ಹಚ್ಚೋ ಮುಲಾಮಲ್ಲೂ ಕರ್ಪೂರ ಇರತ್ತೆ. ನೋವಿಗೆ ಹಚ್ಚೋ ವಿಂಟರ್‌ಗ್ರೀನ್ ಎಣ್ಣೆ ಇನ್ನೂ ಜೋರು, ಶುದ್ಧವಾದದ್ದು ಒಂದು ಚಮಚ, 5 ಮಿಲಿ, ಸುಮಾರು 7 ಗ್ರಾಂ ಆಸ್ಪಿರಿನ್‌ಗೆ ಸಮ. ನಾಫ್ತಲೀನ್ ನುಸಿಗುಂಡು ಜಿ6ಪಿಡಿ ಕೊರತೆ (ಹುಟ್ಟಿನಿಂದ ಬರೋ ಒಂದು ಕಿಣ್ವದ ಕೊರತೆ) ಇರೋ ಮಕ್ಕಳಲ್ಲಿ ಕೆಂಪು ರಕ್ತಕಣ ಒಡೆಯತ್ತೆ, ಒಂದೆರಡು ದಿನದಲ್ಲಿ ಮೂತ್ರ ಕಡು ಬಣ್ಣ ಆಗತ್ತೆ, ಮಗು ಬಿಳಿಚ್ಕೊಳ್ಳತ್ತೆ.

ಗಾಬರಿ ಬೇಡದ್ದೂ ಹೇಳ್ತೀನಿ. ಪೆನ್ಸಿಲ್ ಸೀಸ ನಿಜವಾಗಿ ಸೀಸ ಅಲ್ಲ, ಗ್ರಾಫೈಟು, ವಿಷ ಅಲ್ಲ. ಹೊಸ ಚಪ್ಪಲಿ ಡಬ್ಬಿಲಿ ಬರೋ ಸಿಲಿಕಾ ಜೆಲ್ ಪ್ಯಾಕೆಟ್ ವಿಷ ಅಲ್ಲ, ಗಂಟಲಿಗೆ ಸಿಕ್ಕೋ ಭಯ ಅಷ್ಟೇ. ಸೀಮೆಸುಣ್ಣ, ಮೇಣದ ಬಣ್ಣದ ಕಡ್ಡಿ ಕಚ್ಚಿದ್ರೆ ಬಾಯಿ ತೊಳ್ಸಿ ಬಿಡಿ.

ಪುಟಾಣಿಅಮ್ಮ
ಎಲ್ರಿಗೂ ತುಂಬ ತುಂಬ ಥ್ಯಾಂಕ್ಸ್. ಅತ್ತೆಗೆ ಇಡೀ ಥ್ರೆಡ್ ಓದಿ ಹೇಳ್ದೆ. ವಾಂತಿ ಮಾಡಿಸೋ ಔಷಧಿನೇ ಮೊದ್ಲು ಡಾಕ್ಟ್ರು ಕೊಡ್ತಿದ್ರಲ್ಲ ಅಂತ ಕೇಳಿದ್ರು, ಅದು ನಿಜಾನಾ?

ರಾತ್ರಿಪಾಳಿ
ನಿಮ್ಮ ಅತ್ತೆ ಹೇಳೋದು ನಿಜ. ಇಪಿಕಾಕ್ ಅಂತ ಸಿರಪ್ಪು ಎಷ್ಟೋ ದೇಶಗಳಲ್ಲಿ ಮನೇಲಿ ಇಟ್ಕೊಳ್ಳಿ ಅಂತ ಡಾಕ್ಟ್ರುಗಳೇ ಹೇಳ್ತಿದ್ರು. ಅದ್ರಿಂದ ಮಕ್ಕಳಿಗೆ ಉಪಯೋಗ ಆಗಿದ್ದಕ್ಕೆ ಆಧಾರ ಸಿಗ್ಲಿಲ್ಲ, ಅದಕ್ಕೆ 2003ರಲ್ಲಿ ಅಮೆರಿಕದ ಮಕ್ಕಳ ತಜ್ಞರ ಸಂಘ ಇನ್ಮೇಲೆ ಮನೇಲಿ ಇಡಬೇಡಿ, ಇರೋದನ್ನ ಎಸೀರಿ ಅಂತ ಹೇಳ್ತು. ಹಿರಿಯರು ಕಲಿತಿದ್ದು ಆ ಕಾಲದ ಸರಿ, ಅವರ ಜೊತೆ ಜಗಳ ಬೇಡ, ಹೀಗೆ ಬದಲಾಗಿದೆ ಅಂತ ಹೇಳಿ. ಇದ್ದಿಲು ಪುಡಿ ಕೊಡ್ತಾರಲ್ಲ ಅಂತನೂ ಕೇಳ್ತಾರೆ, ಅದು ಆಸ್ಪತ್ರೇಲಿ ಡಾಕ್ಟ್ರು ನಿರ್ಧರಿಸೋದು, ಸಾಮಾನ್ಯವಾಗಿ ಮೊದಲ ಒಂದು ಗಂಟೆಯೊಳಗೆ ಉಪಯೋಗ, ಕಬ್ಬಿಣಕ್ಕೆ ಆಸಿಡ್‌ಗೆ ಸೀಮೆಎಣ್ಣೆಗೆ ಅದು ಕೆಲಸಕ್ಕೆ ಬರಲ್ಲ. ಒಲೆ ಇದ್ದಿಲು ಅರೆದು ಕುಡಿಸೋದಂತೂ ಬೇಡ.

ಪುಟಾಣಿಅಮ್ಮ
ಓಕೆ. ಇವತ್ತು ಸಿಂಕ್ ಕೆಳಗಿನ ಬಾಗಿಲಿಗೆ ಲಾಕ್ ತರೋಕೆ ಇವರಿಗೆ ಹೇಳಿದೀನಿ, ಅಷ್ಟರವರೆಗೆ ಎಲ್ಲ ಬಾಟಲಿ ಅಟ್ಟದ ಮೇಲೆ ಹೋಗಿದೆ. ಬಟ್ಟೆ ಒಗೆಯೋ ಬಣ್ಣದ ಕ್ಯಾಪ್ಸೂಲೂ ಅಲ್ಲೇ, ಅದನ್ನ ಕಂಡ್ರೆ ದೊಡ್ಡವರಿಗೇ ಜೆಲ್ಲಿ ಅನ್ಸತ್ತೆ. ಕೊನೇದಾಗಿ ಒಂದು, ಮಗು ತೂಕ ಬೇಕು ಅಂದ್ರಿ, ಎಷ್ಟು ದಿನಕ್ಕೊಮ್ಮೆ ನೋಡ್ತಾ ಇರಬೇಕು?

ರಾತ್ರಿಪಾಳಿ
ಲಸಿಕೆಗೆ ಹೋದಾಗ ತೂಗ್ತಾರಲ್ಲ, ಅದನ್ನೇ ಫೋನ್‌ನಲ್ಲಿ ತಾರೀಖು ಹಾಕಿ ಬರೆದಿಟ್ಕೊಳ್ಳಿ ಸಾಕು, ಅರ್ಧ ಕಿಲೋ ಆಚೀಚೆ ಆದ್ರೆ ತೊಂದ್ರೆ ಇಲ್ಲ. ಅದರ ಕೆಳಗೆ ಮಗುಗೆ ಯಾವುದಾದ್ರೂ ಅಲರ್ಜಿ ಇದ್ರೆ ಅದು, ಹತ್ತಿರದ ಇಪ್ಪತ್ನಾಲ್ಕು ಗಂಟೆ ಆಸ್ಪತ್ರೆ ನಂಬರ್, ನಿಮ್ಮಲ್ಲಿ ವಿಷ ಮಾಹಿತಿ ಕೇಂದ್ರ ಇದ್ರೆ ಅದರ ನಂಬರ್. ಅದನ್ನೇ ಅತ್ತೆ ಫೋನ್‌ಗೂ ಕಳ್ಸಿ, ಹಗಲು ಹೊತ್ತು ಮಗು ಅವರ ಹತ್ರಾನೇ ಇರತ್ತಲ್ಲ.